ಬೂದಿಕೋಟೆಯ ಬಾಣ

ನಮ್ಮ ಊರು ಕರೂರು. ಸಿರುಗುಪ್ಪದ ತಾಲೂಕಿಗೆ ಸೇರಿದ ಎರೆಭೂಮಿಯ ಊರು. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ, ಒಂದು ದೀಪಾವಳಿಯ ಸಂಜೆ, ಸಂತೆಯಿಂದ ತಂದಿದ್ದ ಬಾಣಗಳಲ್ಲಿ ಒಂದರ ಕಡ್ಡಿ ಮುರಿದುಹೋಗಿತ್ತು. ಕಡ್ಡಿಯೆಂದರೆ ಹಿಡಿದುಕೊಳ್ಳುವುದಕ್ಕೆ ಇಟ್ಟ ಹಿಡಿ ಮಾತ್ರವೆಂದು ತಿಳಿದಿದ್ದ ನಾನು, ಉಳಿದ ಗೇಣುದ್ದದ ತುಂಡನ್ನೇ ಸೀಸೆಯೊಳಗೆ ನಿಲ್ಲಿಸಿ ಬತ್ತಿಗೆ ಬೆಂಕಿ ಮುಟ್ಟಿಸಿದೆ. ಅದು ಆಳೆತ್ತರ ಏರುವಷ್ಟರಲ್ಲಿ ಸೊಟ್ಟಗಾಗಿ, ಒಂದು ಸುತ್ತು ಸುತ್ತಿ, ನಮ್ಮ ತಲೆಗಳ ಮೇಲೆಯೇ ಹಿಂದಕ್ಕೆ ಹಾರಿ, ಜೋಳದ ಸೊಪ್ಪೆಯ ಬಣವೆಗೆ ನುಗ್ಗಿತು. ಎತ್ತುಗಳಿಗೆಂದು ಕೂಡಿಟ್ಟಿದ್ದ ವರ್ಷದ ಮೇವು ಊರವರು ಕೊಡಗಳನ್ನು ಹಿಡಿದು ಓಡಿಬರುವ ಮೊದಲೇ ಬೂದಿಯಾಯಿತು.

ನಾನು ಗುಮ್ಮಿಯ ಹಿಂದೆ ಅಡಗಿಕೊಂಡಿದ್ದೆ. ತಾತನವರು ಹೊಡೆಯಲಿಲ್ಲ. ರಾತ್ರಿ ಊಟಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಬಾಲವಿಲ್ಲದ ಬಾಣಕ್ಕೆ ದಿಕ್ಕಿಲ್ಲವೆಂದೂ, ಹೈದರನ ದಂಡಿನವರು ಇದೇ ವಸ್ತುವನ್ನು ಕಬ್ಬಿಣದಲ್ಲಿ ಮಾಡಿ ಮನುಷ್ಯರ ಮೇಲೆ ಬಿಡುತ್ತಿದ್ದರೆಂದೂ, ಅವರ ಕೈಯಲ್ಲಿಯೂ ಅದು ಒಮ್ಮೊಮ್ಮೆ ಬಿಟ್ಟವರ ಕಡೆಗೇ ತಿರುಗಿ ಬರುತ್ತಿತ್ತೆಂದೂ ಹೇಳಿದರು. ಬಳ್ಳಾರಿಯೂ ಆದವಾನಿಯೂ ನಮ್ಮ ಊರಿಗೆ ದೂರವಲ್ಲವಾದುದರಿಂದ, ಹೈದರಾಲಿಯ ಹೆಸರು ನಮ್ಮ ಕಡೆಯ ಮುದುಕರಿಗೆ ಪಾಠದ ಪುಸ್ತಕದ ಹೆಸರಾಗಿರಲಿಲ್ಲ. ಮುಂದೆ ನಾನು ಉಪಾಧ್ಯಾಯನಾಗಿ ಮಕ್ಕಳಿಗೆ ಮೈಸೂರಿನ ಯುದ್ಧಗಳನ್ನು ಕಲಿಸುವಾಗಲೆಲ್ಲ, ಆ ಬಣವೆಯೇ ಕಣ್ಣಮುಂದೆ ಬರುತ್ತಿತ್ತು. ನಂಬಲಾಗದ ಆಯುಧವೊಂದನ್ನು ಒಬ್ಬ ದೊರೆ ತನ್ನ ದಂಡಿನಲ್ಲಿ ಹೇಗೆ ಇಟ್ಟುಕೊಂಡ? ಹೈದರನ ಜೀವನವನ್ನು ನಾನು ಈ ಪ್ರಶ್ನೆಯ ದಾರಿಯಿಂದಲೇ ಓದುತ್ತ ಬಂದವನು. ಇಲ್ಲಿ ಅವನ ಚರಿತ್ರೆಯನ್ನು ಹೇಳುವಾಗಲೂ ಅದೇ ದಾರಿಯನ್ನು ಹಿಡಿದಿದ್ದೇನೆ.

ಹೈದರನು ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ. ಊರಿನ ಹೆಸರಿಗೂ ಅವನ ಕಸುಬಿಗೂ ಇರುವ ಹೊಂದಿಕೆ ಕೇವಲ ಆಕಸ್ಮಿಕ. ಆದರೆ ಅವನ ತಂದೆಯ ಉದ್ಯೋಗ ಆಕಸ್ಮಿಕವಲ್ಲ. ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನ ಬಳಿ ಐವತ್ತು ಮಂದಿ ಬಾಣದವರ ತುಕಡಿಗೆ ನಾಯಕನಾಗಿದ್ದವನು. ಬಾಣವೆಂದರೆ ಬಿಲ್ಲಿನ ಬಾಣವಲ್ಲ, ಮದ್ದಿನ ಬಾಣ. ಆ ಕಾಲಕ್ಕೆ ಅದೇನೂ ಹೊಸತಾಗಿರಲಿಲ್ಲ. ದಖ್ಖನಿನ ದಂಡುಗಳಲ್ಲಿಯೂ ಮರಾಠರಲ್ಲಿಯೂ ಅಂಥ ತುಕಡಿಗಳಿದ್ದವು. ಕುದುರೆಗಳನ್ನು ಬೆದರಿಸುವುದಕ್ಕೆ, ಹುಲ್ಲಿನ ಮಾಡಿಗೆ ಬೆಂಕಿಯಿಡುವುದಕ್ಕೆ, ಕತ್ತಲಿನಲ್ಲಿ ಗದ್ದಲವೆಬ್ಬಿಸುವುದಕ್ಕೆ ಅದು ಒದಗುತ್ತಿತ್ತು. ಫಿರಂಗಿಯವನಿಗಿದ್ದ ಮರ್ಯಾದೆ ಬಾಣದವನಿಗೆ ಇದ್ದಂತೆ ತೋರುವುದಿಲ್ಲ. ಫತೇ ಮಹಮ್ಮದನು ಆಮೇಲೆ ಸಿರಾದ ಸುಬೇದಾರನ ಸೇವೆಗೆ ಸೇರಿ ಬೂದಿಕೋಟೆಯನ್ನು ಜಹಗೀರಾಗಿ ಪಡೆದನು. ಅಲ್ಲಿಯ ಅಧಿಕಾರಸ್ಥರ ಒಳಜಗಳದ ಕಾಳಗವೊಂದರಲ್ಲಿ ಸತ್ತನು. ಆಗ ಹೈದರನಿಗೆ ಏಳೆಂಟು ವರ್ಷ.

ತಂದೆ ಸತ್ತ ಮೇಲೆ ಆ ಮನೆತನ ಪಟ್ಟ ಪಾಡಿನ ಬಗೆಗೆ ಒಂದು ಕಥೆ ಪ್ರಸಿದ್ಧವಾಗಿದೆ. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿಖಾನನು ಸಾಲದ ನೆಪದಿಂದ ಈ ಕುಟುಂಬವನ್ನು ಹಿಡಿಸಿ, ಹಣ ಕಕ್ಕಿಸುವುದಕ್ಕಾಗಿ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಗಳೊಳಗೆ ಕೂರಿಸಿ, ಮೇಲೆ ಚರ್ಮವನ್ನು ಬಿಗಿಸಿ ಬಾರಿಸಿದನಂತೆ. ಮೈಸೂರಿನಲ್ಲಿ ಸೇವೆಯಲ್ಲಿದ್ದ ದಾಯಾದಿಯೊಬ್ಬನು ಇವರನ್ನು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಕರೆತಂದನು. ಕಥೆ ಎಷ್ಟು ನಿಜವೋ, ಹೈದರನು ದೊಡ್ಡವನಾದ ಮೇಲೆ ಯಾರ ದಯೆಯನ್ನೂ ನಂಬಲಿಲ್ಲವೆಂಬುದಂತೂ ನಿಜ.

ಅವನು ಓದುಬರಹ ಕಲಿಯಲಿಲ್ಲ. ಆದರೆ ಕೇಳಿದ್ದನ್ನು ಮರೆಯದ ನೆನಪು, ಏಕಕಾಲಕ್ಕೆ ನಾಲ್ಕು ಕೆಲಸಗಳ ಮೇಲೆ ಕಣ್ಣಿಡುವ ಶಕ್ತಿ ಅವನಿಗಿದ್ದವು. 1749ರಲ್ಲಿ ಮೈಸೂರಿನವರು ದೇವನಹಳ್ಳಿಯನ್ನು ಮುತ್ತಿದಾಗ ಅವನ ಧೈರ್ಯ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಮಾರನೆಯ ವರ್ಷದ ಕೊನೆಯಲ್ಲಿ ಜಿಂಜಿಯ ಬಳಿ ನಾಸಿರ್ ಜಂಗನು ಕೊಲೆಯಾಗಿ ಅವನ ಪಾಳೆಯ ಸೂರೆಯಾದಾಗ, ಹೈದರನ ಬೇಡರ ಪಡೆ ಚಿನ್ನ ಹೊತ್ತ ಒಂಟೆಗಳನ್ನು ಹೊಡೆದುಕೊಂಡು ಬಂದಿತೆಂದು ಹೇಳುತ್ತಾರೆ. ಆ ಹಣದಿಂದ ಅವನು ಬಂದೂಕುಗಳನ್ನು ಕೂಡಿಸಿದನು. ಫ್ರೆಂಚರ ದಂಡಿನಿಂದ ಓಡಿಬಂದ ಸಿಪಾಯಿಗಳನ್ನು ಇಟ್ಟುಕೊಂಡು ತನ್ನವರಿಗೆ ಕವಾಯತು ಕಲಿಸಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ, ಪುದುಚೇರಿಯ ಕಡೆಯಿಂದ ಫ್ರೆಂಚ್ ಕುಶಲಿಗಳನ್ನು ಕರೆಸಿ ಅಲ್ಲೊಂದು ಆಯುಧಶಾಲೆಯನ್ನು ತೆರೆದನು. ಅವನ ಜೀವನದ ನಿಜವಾದ ತಿರುವು ಇಲ್ಲಿದೆಯೆಂದು ನನ್ನ ಎಣಿಕೆ. ಕೊಂಡು ತಂದ ಆಯುಧದಿಂದ ಕಾದುವವರು ಬಹಳ ಮಂದಿ ಇದ್ದರು. ಆಯುಧವನ್ನು ತನ್ನ ಕಣ್ಣೆದುರು ಮಾಡಿಸಬೇಕೆಂದು ಹೊರಟ ಓದುಬಾರದ ಫೌಜುದಾರನು ಇವನೊಬ್ಬನೇ ಎನ್ನಬಹುದು.

ಮುಂದಿನ ಆರೇಳು ವರ್ಷಗಳ ರಾಜಕಾರಣವನ್ನು ಓದುಗರು ಬಲ್ಲರು. 1760ರಲ್ಲಿ ಅವನ ಆಪ್ತನಾಗಿದ್ದ ಖಂಡೇರಾಯನೇ ತಿರುಗಿಬಿದ್ದದ್ದು, ಹೈದರನು ಇರುಳಿನಲ್ಲಿ ಕಾವೇರಿಯನ್ನು ದಾಟಿ ತಪ್ಪಿಸಿಕೊಂಡದ್ದು, ಮರುವರ್ಷ ಮೈಸೂರಿನ ಸರ್ವಾಧಿಕಾರವೇ ಅವನ ಕೈಗೆ ಬಂದದ್ದು, 1763ರಲ್ಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟದ್ದು, ಇವೆಲ್ಲ ಎಲ್ಲ ಚರಿತ್ರೆಗಳಲ್ಲಿಯೂ ಇವೆ. ಬಿದನೂರಿನ ಸಂಪತ್ತು ಅವನ ಎಲ್ಲ ಯುದ್ಧಗಳಿಗೂ ಮೂಲಧನವಾಯಿತು. ಆ ಊರನ್ನು ಓದುಗರು ನೆನಪಿನಲ್ಲಿಡಬೇಕು. ಅಲ್ಲಿಗೆ ಮತ್ತೆ ಬರುವುದಿದೆ.

ಇನ್ನು ಬಾಣದ ಮಾತು. ಅದರ ಯಂತ್ರ ಬಹು ಸರಳ. ಒಂದು ಕಡೆ ಮುಚ್ಚಿದ ಕೊಳವೆಯೊಳಗೆ ಪೆಟ್ಲುಪ್ಪು, ಗಂಧಕ, ಇದ್ದಲು ಬೆರೆಸಿದ ಮದ್ದನ್ನು ಗಟ್ಟಿಯಾಗಿ ಜಡಿಯುವುದು. ಇನ್ನೊಂದು ಕಡೆ ಕಿರಿದಾದ ಬಾಯಿಬಿಟ್ಟು ಅಲ್ಲಿ ಬತ್ತಿಯಿಡುವುದು. ಕೊಳವೆಯನ್ನು ಉದ್ದನೆಯ ಬಿದಿರಿಗೆ ತೊಗಲಿನ ಪಟ್ಟಿಯಿಂದ ಬಿಗಿಯುವುದು. ಉರಿದ ಮದ್ದಿನ ಹೊಗೆ ಹಿಂದಕ್ಕೆ ನುಗ್ಗಿದಂತೆ ಕೊಳವೆ ಮುಂದಕ್ಕೆ ನುಗ್ಗುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆಯಾದರೆ ಮದ್ದನ್ನು ಹೆಚ್ಚು ಜಡಿಯುವಂತಿಲ್ಲ. ಒಳಗಿನ ಒತ್ತಡಕ್ಕೆ ಅದು ಸೀಳಿಹೋಗುತ್ತದೆ. ಹೈದರನ ಮತ್ತು ಅವನ ಮಗ ಟಿಪ್ಪುವಿನ ಕಾಲದ ಮೈಸೂರಿನ ಕಮ್ಮಾರರು ಈ ಕೊಳವೆಯನ್ನು ಬಡಿದ ಕಬ್ಬಿಣದಿಂದ ಮಾಡಿದರು. ಬದಲಾವಣೆ ಇಷ್ಟೇ. ಆದರೆ ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆದುದರಿಂದ ಅದೇ ಮದ್ದು ಬಹುಪಾಲು ಹೆಚ್ಚು ಬಲದಿಂದ ದೂಡಿತು. ಬಾಣವು ಸಾವಿರ ಗಜದವರೆಗೂ ಹೋಗತೊಡಗಿತು. ರೊದ್ದಂ ನರಸಿಂಹರು 1985ರಲ್ಲಿ ಮೈಸೂರಿನ ಬಾಣಗಳ ಬಗೆಗೆ ಪ್ರಬಂಧ ಬರೆದಾಗ, ಇಂಗ್ಲೆಂಡಿನ ವುಲಿಚ್ಚಿನ ಸಂಗ್ರಹಾಲಯದಲ್ಲಿ ಇದ್ದ ಎರಡು ಬಾಣಗಳ ಅಳತೆಗಳನ್ನು ಕೊಟ್ಟಿದ್ದಾರೆ. ಒಂದರ ಕೊಳವೆ ಹತ್ತು ಅಂಗುಲ ಉದ್ದ, ಎರಡೂಕಾಲು ಅಂಗುಲಕ್ಕೆ ತುಸು ಮಿಕ್ಕ ದಪ್ಪ. ಅದನ್ನು ಕಟ್ಟಿದ್ದು ಬಿದಿರಿಗಲ್ಲ, ನೇರವಾದ ಒಂದು ಕತ್ತಿಯ ಅಲಗಿಗೆ. ಇನ್ನೊಂದು ಎಂಟು ಅಂಗುಲಕ್ಕೂ ಕಡಿಮೆ ಉದ್ದದ ಕೊಳವೆ. ಅದರ ಬಿದಿರು ಮಾತ್ರ ಆರಡಿಗಿಂತ ಹೆಚ್ಚು.

ಆರಡಿಯ ಬಿದಿರು ಏತಕ್ಕೆಂದು ಈಗ ನನಗೆ ಗೊತ್ತು. ಕಡ್ಡಿಯ ಭಾರವೂ ಗಾಳಿಯ ತಡೆಯೂ ಬಾಣದ ಹಿಂಭಾಗವನ್ನು ಹಿಂದೆಯೇ ನಿಲ್ಲಿಸುತ್ತವೆ. ಅವಿಲ್ಲದಿದ್ದರೆ ಬೆಂಕಿಯ ಬಲ ಕೂದಲೆಳೆಯಷ್ಟು ಓರೆಯಾದರೂ ಬಾಣ ಬುಗುರಿಯಂತೆ ತಿರುಗುತ್ತದೆ. ಆದರೆ ಕಡ್ಡಿಯೂ ಒಂದು ತೊಡಕೇ. ಅಡ್ಡಗಾಳಿ ಬೀಸಿದರೆ ಅದು ಬಾಲವನ್ನು ತಳ್ಳುತ್ತದೆ. ಬಾಣದ ಮೂತಿ ಗಾಳಿ ಬರುವ ಕಡೆಗೇ ತಿರುಗುತ್ತದೆ. ಕಡ್ಡಿಯನ್ನು ಕೊಳವೆಯ ಒಂದು ಪಕ್ಕಕ್ಕೆ ಕಟ್ಟುವುದರಿಂದ ತೂಕ ಒಂದೇ ಕಡೆಗೆ ವಾಲುತ್ತದೆ. ಬಾಯಿಯ ರಂಧ್ರ ಒಂದು ಕಡೆ ಸವೆದಿದ್ದರೆ ಸಾಕು, ದಾರಿ ತಪ್ಪಿತು.

ಇವು ಗುರಿ ತಪ್ಪುವ ದೋಷಗಳು. ಪ್ರಾಣ ತೆಗೆಯುವ ದೋಷಗಳು ಬೇರೆ. ಜಡಿದ ಮದ್ದಿನಲ್ಲಿ ಒಂದು ಬಿರುಕು ಬಿದ್ದರೆ ಬೆಂಕಿ ಮೇಲ್ಮೈಯಿಂದ ಮೆಲ್ಲಮೆಲ್ಲನೆ ಒಳಕ್ಕೆ ಹೋಗುವುದರ ಬದಲು ಬಿರುಕಿನೊಳಗೆ ಒಮ್ಮೆಲೇ ಹೊಕ್ಕು ಹಬ್ಬುತ್ತದೆ. ಒತ್ತಡ ಕ್ಷಣದಲ್ಲಿ ಏರಿ ಕೊಳವೆಯೇ ಸಿಡಿಯುತ್ತದೆ. ಕಬ್ಬಿಣದ ಕೊಳವೆ ಸಿಡಿದರೆ ಕಾಗದದ ಕೊಳವೆಯಂತಲ್ಲ. ಚೂರು ಚೂರೂ ಅಲಗಾಗುತ್ತದೆ. ಬಾಣದವನು ನಿಂತಿರುವುದು ಅದರ ಮಗ್ಗುಲಿನಲ್ಲಿಯೇ. ಬಂಡಿಯಲ್ಲಿ, ಒಂಟೆಯ ಬೆನ್ನ ಮೇಲೆ, ನೂರಾರು ಹರಿದಾರಿ ಕುಲುಕಿಸಿಕೊಂಡು ಹೋದ ಮದ್ದಿನಲ್ಲಿ ಬಿರುಕು ಬೀಳದಿರುವುದಾದರೂ ಹೇಗೆ? ಮಳೆಯಲ್ಲಿ ತೇವಗೊಂಡರೆ ಬಾಣ ಅರ್ಧ ಉರಿದು ಕಾಲ ಬಳಿಯೇ ಬೀಳುತ್ತದೆ. ಒಂದಕ್ಕೆ ಹತ್ತಿದ ಕಿಡಿ ಪಕ್ಕದ ನೂರಕ್ಕೆ ಹತ್ತುವ ಭಯ ಹಗಲಿರುಳೂ ಇದ್ದದ್ದೇ.

ಫಿರಂಗಿಗೆ ಇಲ್ಲದ ಒಂದು ಕಷ್ಟ ಬಾಣಕ್ಕೆ ಇದೆ. ಅದನ್ನು ನಾನು ತಡವಾಗಿ ತಿಳಿದುಕೊಂಡೆ. ಹೊಸ ಫಿರಂಗಿಯನ್ನು ಎರಕ ಹೊಯ್ದಾಗ, ಎಲ್ಲರೂ ದೂರ ನಿಂತು, ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ಅದು ತಡೆದುಕೊಂಡಿತೆಂದರೆ ದಂಡಿಗೆ ಸೇರಿತು. ಒಡೆದರೆ ಮತ್ತೆ ಕುಲುಮೆಗೆ ಹೋಯಿತು. ಬಾಣವನ್ನು ಹಾಗೆ ಪರೀಕ್ಷಿಸುವಂತಿಲ್ಲ. ಪರೀಕ್ಷೆಯಾದ ಬಾಣ ಸುಟ್ಟುಹೋದ ಬಾಣ. ನೂರರಲ್ಲಿ ಹತ್ತನ್ನು ಹಾರಿಸಿ ನೋಡಬಹುದು. ಮಿಕ್ಕ ತೊಂಬತ್ತು ಆ ಹತ್ತರ ಹಾಗೆಯೇ ಇವೆಯೆಂದು ನಂಬಬೇಕು. ಆ ನಂಬಿಕೆಗೆ ಆಧಾರವಾದರೂ ಏನು? ತಗಡನ್ನು ಸುತ್ತಿ ಅಂಚು ಬೆಸೆದ ಕಮ್ಮಾರನ ಕೈ, ಮದ್ದನ್ನು ಅರೆದು ಜಡಿದ ಆಳಿನ ಕೈ, ತೊಗಲು ಬಿಗಿದವನ ಕೈ. ಆ ಕೈಗಳು ದಣಿದ ದಿನ ಮಾಡಿದ ಬಾಣಕ್ಕೂ ಬೆಳಿಗ್ಗೆ ಮಾಡಿದ ಬಾಣಕ್ಕೂ ಹೊರಗಿನಿಂದ ಭೇದವಿಲ್ಲ.

ಹೀಗಿದ್ದೂ ಹೈದರನು ಅದನ್ನು ಬಿಡಲಿಲ್ಲ. ಅವನ ದಂಡಿನಲ್ಲಿ ಸುಮಾರು 1,200 ಮಂದಿ ಬಾಣದವರಿದ್ದರೆಂದು ಹೇಳುತ್ತಾರೆ. ತಂದೆಯ ಐವತ್ತು ಮಂದಿಯನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ. ನಮ್ಮ ಎರೆಭೂಮಿಯಲ್ಲಿ ಹುಟ್ಟಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಒಂದು ಹದ ಮಳೆ ಬಿದ್ದರೆ ಕರೂರಿನ ಹೊಲದಲ್ಲಿ ಬರಿಯ ಬಂಡಿಯ ಗಾಲಿ ಗುಂಬದವರೆಗೆ ಹೂತುಹೋಗುತ್ತದೆ; ಅಂಥಲ್ಲಿ ತೋಪಿನ ಗಾಡಿಯನ್ನು ಎಳೆಯುವುದೆಂದರೆ ಹತ್ತಾರು ಜೊತೆ ಎತ್ತುಗಳ ಕೊರಳು ಮುರಿಯುವ ಕೆಲಸ. ಬಾಣಕ್ಕೆ ಗಾಡಿ ಬೇಡ. ಅದು ಹಾರುವಾಗ ಹಿಂದಕ್ಕೆ ಒದೆಯುವುದಿಲ್ಲವಾದುದರಿಂದ ಭಾರವಾದ ಪೀಠವೂ ಬೇಡ. ಒಬ್ಬ ಮನುಷ್ಯ ಕೆಲವನ್ನು ಹೊತ್ತುಕೊಂಡು ಕುದುರೆ ಹೋದಲ್ಲಿಗೆಲ್ಲ ಹೋಗಬಲ್ಲ. ವೇಗವೇ ಹೈದರನ ಯುದ್ಧದ ಜೀವಾಳವಾಗಿತ್ತು. ಗುರಿಯ ದೋಷವನ್ನು ಅವನು ತಿದ್ದಲಾರದೆ ಹೋದನು. ಅದಕ್ಕೆ ಬದಲಾಗಿ ಗುರಿಯನ್ನೇ ದೊಡ್ಡದಾಗಿ ಆರಿಸಿಕೊಂಡನು. ಒಬ್ಬ ಸಿಪಾಯಿಗೆ ಒಂದು ಬಾಣವಲ್ಲ; ಒತ್ತಾಗಿ ನಿಂತ ಪಡೆಯ ಮೇಲೆ, ಕುದುರೆಯ ಸಾಲಿನ ಮೇಲೆ, ಮದ್ದಿನ ಬಂಡಿಗಳ ಮೇಲೆ, ಒಂದೇ ಸಲಕ್ಕೆ ಹತ್ತಾರು. ಎಲ್ಲಿ ಬಿದ್ದೀತೆಂದು ಬಿಟ್ಟವನಿಗೆ ತಿಳಿಯದಿದ್ದರೆ ಎದುರಿನವನಿಗೂ ತಿಳಿಯುವುದಿಲ್ಲ. ಆಯುಧದ ದೋಷವನ್ನೇ ಭಯವನ್ನಾಗಿ ಮಾಡಿದ ಯುಕ್ತಿ ಇದು.

ಆದರೆ ತಪ್ಪನ್ನು ಸಹಿಸುವ ಮನುಷ್ಯನಾಗಿದ್ದನೇ ಹೈದರ? ನಮ್ಮ ಬಳ್ಳಾರಿಯ ಕಥೆ ಹಾಗೆ ಹೇಳುವುದಿಲ್ಲ. ಸುಮಾರು 1775ರ ವೇಳೆಗೆ ಬಳ್ಳಾರಿಯ ಪಾಳೆಯಗಾರ ದೊಡ್ಡಪ್ಪನಾಯಕನು ಆದವಾನಿಯ ಬಸಾಲತ್ ಜಂಗನಿಗೆ ಕಪ್ಪ ಕೊಡಲೊಪ್ಪದೆ ಹೈದರನ ಮೊರೆಹೊಕ್ಕನು. ಬಸಾಲತ್ ಜಂಗನ ಸೇವೆಯಲ್ಲಿದ್ದ ಲಾಲಿಯೆಂಬ ಫ್ರೆಂಚ್ ಸರದಾರನು ಕೋಟೆಗೆ ಮುತ್ತಿಗೆ ಹಾಕಿದ್ದನು. ಹೈದರನು ಶ್ರೀರಂಗಪಟ್ಟಣದಿಂದ ಹಗಲಿರುಳೆನ್ನದೆ ದಂಡು ನಡೆಸಿ ಬಂದು ಮುತ್ತಿದವರ ಮೇಲೆ ಬಿದ್ದನು. ಲಾಲಿ ತಪ್ಪಿಸಿಕೊಂಡದ್ದೇ ಹೆಚ್ಚು. ಮೊರೆಹೊಕ್ಕ ನಾಯಕನಿಗೆ ಕೋಟೆ ಉಳಿಯಿತೇ ಎಂದರೆ, ಅದೂ ಇಲ್ಲ. ಹೈದರನು ಅದನ್ನು ತಾನೇ ಇಟ್ಟುಕೊಂಡನು. ಮುಂದಿನ ವರ್ಷ ಮುರಾರಿರಾಯನಿಂದ ಗುತ್ತಿಯೂ ಅವನ ವಶವಾಯಿತು. ಅದೇ ಲಾಲಿಯನ್ನು ಆಮೇಲೆ ತನ್ನ ಸೇವೆಗೆ ಸೇರಿಸಿಕೊಂಡನೆಂಬುದು ಹೈದರನ ಸ್ವಭಾವಕ್ಕೆ ಒಳ್ಳೆಯ ಉದಾಹರಣೆ.

ಬಳ್ಳಾರಿಯ ಕೋಟೆಯನ್ನು ಬಲಪಡಿಸುವ ಕೆಲಸವನ್ನು ಹೈದರನು ಒಬ್ಬ ಫ್ರೆಂಚ್ ಇಂಜಿನಿಯರನಿಗೆ ವಹಿಸಿದನಂತೆ. ಗುಡ್ಡದ ಮೇಲೆ ಗೋಡೆ ಎದ್ದಿತು, ಕೆಳಗೂ ಕೋಟೆಯಾಯಿತು. ಕೆಲಸ ಮುಗಿದ ಮೇಲೆ ದೊರೆ ಬಂದು ನೋಡಿದರೆ, ಎದುರಿನ ಕುಂಬಾರ ಗುಡ್ಡ ಈ ಗುಡ್ಡಕ್ಕಿಂತ ಎತ್ತರ! ಅಲ್ಲಿಗೆ ಶತ್ರು ನಾಲ್ಕು ತೋಪುಗಳನ್ನು ಏರಿಸಿದನೆಂದರೆ ಇಲ್ಲಿಯ ಬತೇರಿಗಳೆಲ್ಲ ಅವನ ಕಣ್ಣ ಕೆಳಗೆ. ಹೈದರನು ಇಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಊರಿಗೆ ಊರೇ ಹೇಳುತ್ತದೆ. ಪೂರ್ವದ ಬಾಗಿಲ ಬಳಿ ಅವನದೆಂದು ಒಂದು ಗೋರಿಯನ್ನೂ ತೋರಿಸುತ್ತಾರೆ. ಬಳ್ಳಾರಿಯಲ್ಲಿ ಓದುತ್ತಿದ್ದಾಗ ನಾನು ಗೆಳೆಯರೊಡನೆ ಆ ಕೋಟೆಯನ್ನು ಹತ್ತಿದ್ದೆ. ಮೇಲೆ ನಿಂತು ನೋಡಿದರೆ ಕುಂಬಾರ ಗುಡ್ಡ ಕುರುಡನಿಗೂ ಕಾಣುವಂತಿದೆ. ಅದರಿಂದಲೇ ಈ ಕಥೆಯಲ್ಲಿ ನನಗೆ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ಇದೇ ಗುಡ್ಡದ ಬುಡದಲ್ಲಿ ಕಾದಿ ಗೆದ್ದ ಹೈದರನು ಎದುರಿನ ಗುಡ್ಡವನ್ನು ಕೋಟೆ ಮುಗಿಯುವವರೆಗೆ ನೋಡಿಯೇ ಇರಲಿಲ್ಲವೆಂದು ಹೇಗೆ ಒಪ್ಪುವುದು? ತಪ್ಪು ಇದ್ದರೆ ಅದು ಇಬ್ಬರದೂ ಹೌದು. ಗಲ್ಲಿಗೆ ಹೋದದ್ದು ಮಾತ್ರ, ಕಥೆಯ ಪ್ರಕಾರ, ಒಬ್ಬನ ಕತ್ತು.

ಕಥೆ ಸುಳ್ಳೇ ಆಗಿರಲಿ, ಅದನ್ನು ಹುಟ್ಟಿಸಿದ ಭಯ ಸುಳ್ಳಲ್ಲ. ಹೈದರನ ಆಸ್ಥಾನದಲ್ಲಿ ಚಾವಟಿ ಹಿಡಿದವರು ಸದಾ ಸಿದ್ಧರಾಗಿರುತ್ತಿದ್ದರು. ಅಧಿಕಾರಿಗಳಿಗೂ ಏಟು ತಪ್ಪುತ್ತಿರಲಿಲ್ಲ. ಇಂಥ ಒಡೆಯನ ಕೆಳಗೆ ಕೆಲಸ ಮಾಡುವ ಕಮ್ಮಾರನೊಬ್ಬನು ಬೆಸುಗೆಯಲ್ಲಿ ಕೂದಲೆಳೆಯ ಸೀಳನ್ನು ಕಂಡನೆನ್ನಿ. ಹೇಳಿದರೆ ಇಂದು ಚಾವಟಿ; ಹೇಳದಿದ್ದರೆ ಎಂದೋ ಎಲ್ಲೋ ಗುರುತಿಲ್ಲದ ಬಾಣದವನೊಬ್ಬನ ಸಾವು. ಯಾವುದನ್ನು ಆರಿಸಿಕೊಂಡಾನು? ಹೊಸ ಆಯುಧವನ್ನು ಮಾಡುವಲ್ಲಿ ಮದ್ದಿನ ಅಪಾಯ, ಕಬ್ಬಿಣದ ಅಪಾಯ ಎಂದು ಎಣಿಸುತ್ತೇವೆ. ಬಾಯಿ ಬಿಡಲಾರದ ಅಪಾಯವನ್ನು ಯಾರೂ ಎಣಿಸುವುದಿಲ್ಲ. ಬಾಣದವನ ಮಗನಾಗಿ ಹುಟ್ಟಿದ ಹೈದರನಿಗೆ ಇದು ತಿಳಿದಿರಲೇಬೇಕು. ತಿಳಿದೂ ಚಾವಟಿಯನ್ನು ಕೈಬಿಡಲಿಲ್ಲವೆಂಬುದೇ ನನಗೆ ಅವನಲ್ಲಿ ಅರ್ಥವಾಗದ ಭಾಗ.

ಅವನ ಬಾಣಗಳ ಕೀರ್ತಿ ಶಿಖರಕ್ಕೇರಿದ್ದು 1780ರ ಸೆಪ್ಟೆಂಬರ್ 10ರಂದು, ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ. ಕರ್ನಲ್ ಬೇಯ್ಲಿಯ ಪಡೆ, ಸುಮಾರು 3,800 ಮಂದಿ, ಕಂಚಿಯಲ್ಲಿದ್ದ ಮನ್ರೋನನ್ನು ಕೂಡಿಕೊಳ್ಳಲೆಂದು ಬರುತ್ತಿತ್ತು. ಟಿಪ್ಪು ಅದನ್ನು ದಾರಿಯಲ್ಲಿ ತಡೆದನು. ಹೈದರನು ಮುಖ್ಯ ದಂಡಿನೊಡನೆ ಬಂದು ಸುತ್ತುವರಿದನು. ಕಾಳಗದ ನಡುವೆ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದವು. ಅದರೊಂದಿಗೆ ಅವನ ಚೌಕದ ವ್ಯೂಹವೂ ಒಡೆಯಿತು. ಬೇಯ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದ ಬಂದಿಖಾನೆಯಲ್ಲಿಯೇ 1782ರಲ್ಲಿ ಸತ್ತನು. ಬಂಡಿಗಳಿಗೆ ಬಿದ್ದದ್ದು ಬಾಣವೆಂದು ಬಹುಮಂದಿ ಬರೆಯುತ್ತಾರೆ; ಫಿರಂಗಿಯ ಗುಂಡೆಂದು ಹೇಳುವವರೂ ಉಂಟು. ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಸಿಡಿತವನ್ನು ಚಿತ್ರಿಸಿದೆ. ಪೊಳ್ಳಿಲೂರನ್ನು ಬಾಣವೊಂದೇ ಗೆದ್ದುಕೊಟ್ಟಿತೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮನ್ರೋ ಕೆಲವೇ ಹರಿದಾರಿಗಳ ದೂರದಲ್ಲಿದ್ದೂ ಸಹಾಯಕ್ಕೆ ಬಾರದಿದ್ದದ್ದು, ಹೈದರನ ಕುದುರೆಯ ದಂಡಿನ ವೇಗ, ಅವನ ತೋಪುಗಳ ಸಂಖ್ಯೆ, ಇವೆಲ್ಲ ಸೇರಿ ಕಟ್ಟಿದ ಸೌದೆಗೆ ಬಾಣ ಕಿಡಿಯಾಗಿರಬಹುದು. ಮರುವರ್ಷ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಐರ್ ಕೂಟನ ಎದುರು ಅದೇ ಬಾಣಗಳಿದ್ದೂ ಹೈದರನು ಸೋತನು.

ಅವನ ಕೊನೆ ಯುದ್ಧಭೂಮಿಯ ಬೆಂಕಿಯಿಂದ ಬರಲಿಲ್ಲ. ಬೆನ್ನಿನ ಮೇಲೆ ಎದ್ದ ಹುಣ್ಣು ಮಾಗದೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಅವನು ತೀರಿಕೊಂಡನು. ಟಿಪ್ಪು ಆಗ ಮಲಬಾರಿನ ಕಡೆ ಇದ್ದನು. ಒಡೆಯನ ಸಾವು ತಿಳಿದರೆ ದಂಡು ಚೆದರೀತೆಂದು ಪೂರ್ಣಯ್ಯ, ಕೃಷ್ಣರಾಯ ಮೊದಲಾದವರು ಸುದ್ದಿಯನ್ನು ಮುಚ್ಚಿಟ್ಟು, ಶವವನ್ನು ಖಜಾನೆಯ ಪೆಟ್ಟಿಗೆಯಂತೆ ತೋರುವ ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಕಳುಹಿಸಿದರು. ಕೋಲಾರದಲ್ಲಿ ಅವನ ತಂದೆಯ ಗೋರಿಯಿತ್ತು. ಮುಂದೆ ಶ್ರೀರಂಗಪಟ್ಟಣದ ಗುಂಬಜಿಗೆ ಹೋಗುವ ಮೊದಲು, ಮೈಸೂರಿನ ಒಡೆತನ ಮಾಡಿದವನು ಕೆಲವು ಕಾಲ ಐವತ್ತು ಬಾಣದವರ ಆ ನಾಯಕನ ಪಕ್ಕದಲ್ಲಿ ಮಲಗಿದ್ದನು. ಅವನ ಜೀವನದಲ್ಲಿ ನನ್ನ ಮನಸ್ಸನ್ನು ಹೆಚ್ಚು ಮುಟ್ಟುವ ಸಂಗತಿ ಇದು, ಪೊಳ್ಳಿಲೂರಲ್ಲ.

ಬಾಣದ ಕಥೆ ಅವನ ಸಾವಿನೊಡನೆ ಮುಗಿಯಲಿಲ್ಲ. ಟಿಪ್ಪು ಬಾಣದವರ ಸಂಖ್ಯೆಯನ್ನು ಹಲವು ಪಾಲು ಹೆಚ್ಚಿಸಿ, ಸೈನ್ಯದ ಪ್ರತಿಯೊಂದು ಕುಶೂನಿನಲ್ಲಿಯೂ ಅವರಿಗೆ ಸ್ಥಾನ ಕೊಟ್ಟನು. ಕೊಳವೆಯ ದಪ್ಪವನ್ನೂ ಗುರಿಯ ದೂರವನ್ನೂ ನೋಡಿ ಎಷ್ಟು ಓರೆಯಾಗಿ ಹಿಡಿಯಬೇಕೆಂದು ಲೆಕ್ಕ ಹಾಕುವ ಶಿಕ್ಷಣವೂ ನಡೆಯಿತು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ಕಸುಬಿನ ನೆನಪೇ. 1799ರ ಏಪ್ರಿಲ್ 5ರ ಇರುಳು ಸುಲ್ತಾನಪೇಟೆಯ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಎನ್ನಿಸಿಕೊಂಡ ಕರ್ನಲ್ ವೆಲ್ಲೆಸ್ಲಿಯ ಪಡೆ ಬಾಣಗಳ ಮತ್ತು ಬಂದೂಕುಗಳ ಹೊಡೆತಕ್ಕೆ ಸಿಕ್ಕಿ ಕತ್ತಲೆಯಲ್ಲಿ ದಿಕ್ಕೆಟ್ಟಿತು. ಒಂದು ತಿಂಗಳೊಳಗೆ, ಮೇ 2ರಂದು, ಇಂಗ್ಲಿಷರ ಗುಂಡೊಂದು ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಣಗಳನ್ನು ಶೇಖರಿಸಿದ್ದ ಮದ್ದಿನ ಮನೆಗೆ ಬಿದ್ದಿತು. ಶತ್ರುವಿಗೆಂದು ಕೂಡಿಟ್ಟದ್ದೆಲ್ಲ ಕೋಟೆಯ ಒಳಗೇ ಉರಿಯಿತು. ಪೊಳ್ಳಿಲೂರಿನಲ್ಲಿ ಬೇಯ್ಲಿಯ ಬಂಡಿಗಳಿಗೆ ಆದದ್ದು ಹತ್ತೊಂಬತ್ತು ವರ್ಷದ ಮೇಲೆ ಹೈದರನ ಮಗನ ಮನೆಯಲ್ಲಿ ಆಯಿತು. ಎರಡು ದಿನಗಳಲ್ಲಿ ಕೋಟೆ ಬಿದ್ದಿತು. ಟಿಪ್ಪು ಬಾಗಿಲ ಬಳಿ ಕಾದಾಡುತ್ತ ಮಡಿದನು. ಗೆದ್ದವರಿಗೆ ಅಲ್ಲಿ ಸಿಕ್ಕಿದ್ದು 600 ಹಾರಿಸುವ ಪೀಠಗಳು, ಬಳಸಲು ಸಿದ್ಧವಾಗಿದ್ದ 700 ಬಾಣಗಳು ಮತ್ತು ಮದ್ದು ತುಂಬದ 9,000 ಕೊಳವೆಗಳು. ತುಂಬಿದ್ದಕ್ಕಿಂತ ಬರಿದಾದದ್ದು ಹತ್ತು ಪಾಲಿಗೂ ಮಿಗಿಲಾಗಿರುವುದನ್ನು ನೋಡಿದರೆ, ಮದ್ದನ್ನು ತುಂಬಿಡುವ ಅಪಾಯವನ್ನು ಅವರು ಬಲ್ಲವರಾಗಿದ್ದರೆಂದೂ ಊಹಿಸಬಹುದು. ಮದ್ದೇ ಸಾಲದಾಗಿತ್ತೆಂದೂ ಊಹಿಸಬಹುದು.

ಆ ಕೊಳವೆಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವನು ಅವುಗಳ ಜಾಡು ಹಿಡಿದು ದೊಡ್ಡ ಕಬ್ಬಿಣದ ಬಾಣಗಳನ್ನು ಮಾಡಿಸಿ 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಹಾರಿಸಿದನು. ಅವನಿಗೂ ಕಡ್ಡಿಯ ಕಾಟ ತಪ್ಪಲಿಲ್ಲ. ಪಕ್ಕಕ್ಕೆ ಕಟ್ಟಿದ ಕಡ್ಡಿ ಬಾಣವನ್ನು ಓರೆಗೆಡಿಸುತ್ತದೆಂದು ಕಂಡು, ಕೆಲವು ವರ್ಷಗಳ ಮೇಲೆ ಅದನ್ನು ತಳದ ನಟ್ಟನಡುವೆ ಕೂರಿಸಿದನು. 1844ರಲ್ಲಿ ವಿಲಿಯಂ ಹೇಲ್ ಎಂಬವನು ಬಾಣವನ್ನೇ ತಿರುಗುವಂತೆ ಮಾಡಿ ಕಡ್ಡಿಯನ್ನು ಕಿತ್ತುಹಾಕಿದನು. ಬೂದಿಕೋಟೆಯ ಫತೇ ಮಹಮ್ಮದನ ಕಾಲದಿಂದ ಎಣಿಸಿದರೆ, ಒಂದು ಬಿದಿರುಕಡ್ಡಿಯನ್ನು ಕೈಬಿಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಬಿದನೂರಿಗೆ ಮತ್ತೆ ಬರುವುದಿದೆ ಎಂದಿದ್ದೆ. ಹೈದರನಗರವೆಂಬ ಹೆಸರಿನಲ್ಲಿ ಹೈದರ ಎಂಬುದು ಬಿದ್ದುಹೋಗಿ ಬರಿಯ ನಗರ ಉಳಿದಿದೆ. ಹೊಸನಗರ ತಾಲೂಕಿನ ಆ ಊರಿನಲ್ಲಿ 2002ರಲ್ಲಿ ನೂರಾರು ವರ್ಷ ಹಳೆಯ ಕಬ್ಬಿಣದ ಗುಂಡುಗಳೆಂದು ಕೆಲವು ವಸ್ತುಗಳು ದೊರೆತವು. ಅವು ಬಾಣಗಳೆಂದು ತಿಳಿದದ್ದು ಕೆಲವು ವರ್ಷಗಳ ಮೇಲೆ. 2018ರ ಮಳೆಗಾಲದಲ್ಲಿ ಅಲ್ಲಿಯೇ ಒಂದು ಹಳೆಯ ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಬಾವಿಯ ಮಣ್ಣಿಗೆ ಮದ್ದಿನ ವಾಸನೆಯಿತ್ತೆಂದು ಅಗೆದವರು ಹೇಳಿದರು.

ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ನಾನು ಅವನ್ನು ನೋಡಿ ಬಂದೆ. ತುಕ್ಕು ಹಿಡಿದು ಉಬ್ಬಿದ, ಗೇಣಿಗೆ ತುಸು ಹೆಚ್ಚೋ ಕಡಿಮೆಯೋ ಇರುವ ಕೊಳವೆಗಳು. ನೋಡಿದವುಗಳಲ್ಲಿ ಯಾವುದಕ್ಕೂ ಬಿದಿರೂ ಇಲ್ಲ, ತೊಗಲೂ ಇಲ್ಲ. ಮಾಡಿದವರ ಕೈಯ ವ್ಯತ್ಯಾಸ ಅಷ್ಟು ತುಕ್ಕಿನ ನಡುವೆಯೂ ಕಾಣುತ್ತದೆ: ಒಂದು ನೇರ, ಒಂದು ತುಸು ಡೊಂಕು. ಆ ಡೊಂಕಾದದ್ದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅದನ್ನು ಹಾರಿಸಬೇಕಾಗಿದ್ದವನು ಯಾರೋ, ಅದು ಬಾವಿಗೆ ಬಿದ್ದುದರಿಂದ ಅವನು ಅಂದು ಉಳಿದುಕೊಂಡನೋ ಏನೋ. ಬಾಗಿಲು ಮುಚ್ಚುವ ಹೊತ್ತಾಯಿತೆಂದು ಕಾವಲುಗಾರನು ಬಂದು ಹೇಳಿದ ಮೇಲೆ ಹೊರಗೆ ಬಂದೆ, ಮಳೆ ಹಿಡಿದಿತ್ತು.